ಮಹಾನವಮಿಯ ಚಿತ್ರಮಂಟಪಗಳು

1

ಕೊಪ್ಪಳ ಜಿಲ್ಲೆಯ ಮುನಿರಾಬಾದು ತುಂಗಭದ್ರಾನದಿಯ ಎಡದಂಡೆಯಲ್ಲಿರುವ ಊರು. 1945ರಲ್ಲಿ ಆರಂಭವಾದ ಅಣೆಕಟ್ಟಿನ ಕೆಲಸದಿಂದ ಅದರ ಹೆಸರು ನಾಡಿಗೆಲ್ಲ ಪರಿಚಿತವಾಯಿತು. ಅಲ್ಲಿಂದ ಹೊಳೆಯ ಜಾಡನ್ನೇ ಹಿಡಿದು ಕೆಳಕ್ಕೆ ಸಾಗಿದರೆ ಎಡಕ್ಕೆ ಆನೆಗೊಂದಿ, ಬಲಕ್ಕೆ ಹಂಪೆ. ಹೊಳೆಯನ್ನು ಬಿಟ್ಟು ಕೊಪ್ಪಳದ ಕಡೆಗೆ ತಿರುಗಿದರೆ ಚಿತ್ರಗಾರರ ಊರಾದ ಕಿನ್ನಾಳ. ಈ ಮೂರು ಸ್ಥಳಗಳನ್ನೂ ಒಂದೇ ನೋಟದಲ್ಲಿ ಇಟ್ಟುಕೊಂಡು ನೋಡಿದಲ್ಲದೆ ಕರ್ಣಾಟಕದ ಚಿತ್ರಕಲೆಯ ಒಂದು ಮುಖ್ಯ ಪ್ರಶ್ನೆಗೆ ಉತ್ತರ ದೊರೆಯುವಂತಿಲ್ಲ.

ಆ ಪ್ರಶ್ನೆ ಯಾವುದೆಂದರೆ: ಈಗ ದೊಡ್ಡ ನಗರಗಳಲ್ಲಿ ವರ್ಷಕ್ಕೊಮ್ಮೆ ಕಲಾಸಪ್ತಾಹಗಳು ಜರುಗುತ್ತಿವೆ. ಆ ದಿನಗಳಲ್ಲಿ ಜನರು ಒಂದು ಚಿತ್ರಶಾಲೆಯಿಂದ ಇನ್ನೊಂದಕ್ಕೆ ಹೋಗುತ್ತಾರೆ, ಚಿತ್ರಗಳನ್ನು ನೋಡುತ್ತಾರೆ, ಒಂದನ್ನು ಮತ್ತೊಂದರೊಡನೆ ಹೋಲಿಸಿ ಮಾತಾಡುತ್ತಾರೆ. ಇದು ಪಾಶ್ಚಾತ್ಯರಿಂದ ಬಂದ ಪದ್ಧತಿಯೆಂದೂ, ನಮ್ಮ ಪೂರ್ವಿಕರು ಚಿತ್ರವನ್ನು ದೇವಾಲಯದ ಅಂಗವಾಗಿಯೋ ಅರಮನೆಯ ಅಲಂಕಾರವಾಗಿಯೋ ಮಾತ್ರ ಬಲ್ಲವರಾಗಿದ್ದರೆಂದೂ ಸಾಮಾನ್ಯವಾದ ಅಭಿಪ್ರಾಯವುಂಟು. ಈ ಅಭಿಪ್ರಾಯವು ಎಷ್ಟರ ಮಟ್ಟಿಗೆ ಸಾಧುವೆಂಬುದನ್ನು ವಿಜಯನಗರದ ಮಹಾನವಮಿಯ ನಿದರ್ಶನದಿಂದ ಇಲ್ಲಿ ವಿಚಾರಿಸಲಾಗುವುದು. ಅದರೊಡನೆಯೇ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಅಂತಹ ವಾರ್ಷಿಕ ಪ್ರದರ್ಶನವು ಇದ್ದದ್ದೇ ಆದರೆ ಅದನ್ನು ರಚಿಸಿದ ಕೈಗಳು ಯಾರವು? ಅವರ ಹೆಸರುಗಳು ಏಕೆ ಉಳಿಯಲಿಲ್ಲ? ಈ ಎರಡನೆಯ ಪ್ರಶ್ನೆಯೇ ಮೊದಲನೆಯದಕ್ಕಿಂತ ಗುರುತರವಾದದ್ದೆಂಬುದು ಮುಂದೆ ತಿಳಿದುಬರುವುದು.

2

ಮೊದಲು ಶಬ್ದವಿಚಾರ. ಚಿತ್ರಶಾಲೆ ಎಂಬ ಶಬ್ದವು ಹೊಸದಲ್ಲ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಧಾರಿಣೀದೇವಿಯು ಚಿತ್ರಶಾಲೆಗೆ ಹೋಗಿ, ಆಚಾರ್ಯನು ಹೊಸದಾಗಿ ಬಣ್ಣಹಾಕಿದ ಚಿತ್ರವನ್ನು ನೋಡುತ್ತಿರುವಾಗ ರಾಜನು ಅಲ್ಲಿಗೆ ಬಂದು ಮಾಲವಿಕೆಯ ರೂಪವನ್ನು ಮೊದಲು ಚಿತ್ರದಲ್ಲಿಯೇ ಕಾಣುತ್ತಾನೆ. ನಾಟಕದ ಕಥೆಯೆಲ್ಲ ಈ ಒಂದು ಚಿತ್ರದರ್ಶನದಿಂದ ಹುಟ್ಟುತ್ತದೆ. ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ಸೀತಾರಾಮಲಕ್ಷ್ಮಣರು ತಮ್ಮ ಚರಿತೆಯನ್ನೇ ಬರೆದಿರುವ ಚಿತ್ರವೀಥಿಯನ್ನು ನೋಡುತ್ತ ಹೋಗುತ್ತಾರೆ. ಆ ನೋಟದಲ್ಲಿ ಹಳೆಯ ದುಃಖವು ಮತ್ತೆ ಎಚ್ಚರಗೊಳ್ಳುತ್ತದೆ. ಈ ಎರಡು ಸಂದರ್ಭಗಳಿಂದ ಚಿತ್ರಗಳನ್ನು ಒಂದೆಡೆ ಇರಿಸಿ ಕ್ರಮವಾಗಿ ನೋಡುವ ರೂಢಿಯು ಕವಿಗಳಿಗೆ ಸುಪರಿಚಿತವಾಗಿತ್ತೆಂದು ಸಿದ್ಧವಾಗುತ್ತದೆ.

ಚಿತ್ರಶಾಸ್ತ್ರವೂ ಕರ್ಣಾಟಕದಲ್ಲಿ ಅಪರಿಚಿತವಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. 1129ರಲ್ಲಿ ರಚಿಸಿದ ಅಭಿಲಷಿತಾರ್ಥಚಿಂತಾಮಣಿಯಲ್ಲಿ, ಎಂದರೆ ಮಾನಸೋಲ್ಲಾಸದಲ್ಲಿ, ಗೋಡೆಯನ್ನು ನಯಮಾಡುವ ಬಗೆ, ಎಮ್ಮೆಯ ತೊಗಲನ್ನು ಬೇಯಿಸಿ ತೆಗೆದ ವಜ್ರಲೇಪವೆಂಬ ಅಂಟು, ಕಾಡಿಗೆಯನ್ನೂ ಅನ್ನದ ಅಗುಳನ್ನೂ ಅರೆದು ಮಾಡಿದ ವರ್ತಿಕೆ, ಕರುವಿನ ಕಿವಿಯ ರೋಮದಿಂದ ಕಟ್ಟಿದ ಲೇಖನಿ ಮುಂತಾದವುಗಳು ವಿಸ್ತಾರವಾಗಿ ನಿರೂಪಿತವಾಗಿವೆ. ಒಬ್ಬ ಚಕ್ರವರ್ತಿಯು ತಾನೇ ಇಷ್ಟು ಸೂಕ್ಷ್ಮವಾಗಿ ಬರೆದಿರುವುದನ್ನು ನೋಡಿದರೆ ಅರಮನೆಯಲ್ಲಿ ಚಿತ್ರಕ್ಕೆ ಎಂತಹ ಮನ್ನಣೆಯಿದ್ದಿತೆಂಬುದನ್ನು ಊಹಿಸಬಹುದು.

ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಕಾವ್ಯಗಳ ಚಿತ್ರಶಾಲೆಯು ಅರಮನೆಯೊಳಗಿನದು. ಅಲ್ಲಿ ನೋಡುವವರು ರಾಜನೂ ರಾಣಿಯೂ ಅವರ ಪರಿವಾರವೂ. ಊರಿನ ನೇಕಾರನಿಗಾಗಲಿ ಹಳ್ಳಿಯಿಂದ ಬಂದ ಒಕ್ಕಲಿಗನಿಗಾಗಲಿ ಅದರ ಬಾಗಿಲು ತೆರೆದಿದ್ದಿತೆಂಬುದಕ್ಕೆ ಈ ನಾಟಕಗಳಲ್ಲಿ ಆಧಾರವಿಲ್ಲ. ಆದಕಾರಣ ಚಿತ್ರಶಾಲೆಯಿದ್ದ ಮಾತ್ರದಿಂದ ಪ್ರದರ್ಶನವಿತ್ತೆಂದು ಹೇಳಲಾಗದು. ನಿಯತವಾದ ಕಾಲ, ಬಯಲಾದ ಸ್ಥಳ, ಒಬ್ಬರಿಗಿಂತ ಹೆಚ್ಚಿನ ಕರ್ತೃಗಳು, ನೆರೆದ ಜನಸಮೂಹ—ಈ ನಾಲ್ಕು ಸೇರಿದಾಗಲೇ ಅದು ವಾರ್ಷಿಕ ಪ್ರದರ್ಶನವೆನಿಸುವುದು. ಈ ನಾಲ್ಕು ಲಕ್ಷಣಗಳೂ ವಿಜಯನಗರದ ಮಹಾನವಮಿಯಲ್ಲಿ ಕೂಡಿಬಂದಿರುವುದನ್ನು ಕಣ್ಣಾರೆ ಕಂಡ ಪರದೇಶೀಯರ ಬರಹಗಳಿಂದ ತೋರಿಸಬಹುದು.

3

ಸಾಕ್ಷಿಗಳು ಮೂವರು. ಮೊದಲನೆಯವನು ಪಾರಸೀಕ ದೇಶದ ಷಾಹ್ ರುಖ್ ಸುಲ್ತಾನನ ರಾಯಭಾರಿಯಾಗಿ ಕ್ರಿ. ಶ. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುಲ್ ರಜಾಕನು. ಎರಡನೆಯವನು ಸುಮಾರು 1520ರಲ್ಲಿ ಕೃಷ್ಣದೇವರಾಯನ ರಾಜಧಾನಿಯನ್ನು ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯೆಸ್. ಮೂರನೆಯವನು ಅಚ್ಯುತರಾಯನ ಕಾಲದಲ್ಲಿ, ಸುಮಾರು 1535ರಲ್ಲಿ ಅಲ್ಲಿದ್ದ ಕುದುರೆಯ ವ್ಯಾಪಾರಿ ಫೆರ್ನಾವೊ ನೂನಿಜ್. ಪೋರ್ಚುಗೀಸರಿಬ್ಬರ ಬರಹಗಳು 1897ರಲ್ಲಿ ಲಿಸ್ಬನ್ನಿನಲ್ಲಿ ಮುದ್ರಿತವಾಗಿ, 1900ರಲ್ಲಿ ರಾಬರ್ಟ್ ಸಿವೆಲನ ಇಂಗ್ಲಿಷ್ ಅನುವಾದದಿಂದ ವಿದ್ವಲ್ಲೋಕಕ್ಕೆ ತಿಳಿದುಬಂದವು.

ಅಬ್ದುಲ್ ರಜಾಕನ ಹೇಳಿಕೆಯು ಪ್ರಕೃತ ವಿಷಯಕ್ಕೆ ಅತ್ಯಂತ ಉಪಯುಕ್ತವಾದದ್ದು. ರಾಜನ ಆಜ್ಞೆಯಂತೆ ರಾಜ್ಯದ ಎಲ್ಲ ಭಾಗಗಳಿಂದ ಪ್ರಭುಗಳೂ ನಾಯಕರೂ ಸಾವಿರ ಆನೆಗಳೊಡನೆ ಬಂದು ನೆರೆಯುತ್ತಿದ್ದರು. ವಿಶಾಲವಾದ ಬಯಲಿನಲ್ಲಿ ಎರಡರಿಂದ ಐದು ಅಂತಸ್ತುಗಳವರೆಗೆ ಎತ್ತರವಾದ ಮಂಟಪಗಳನ್ನು ನಿಲ್ಲಿಸುತ್ತಿದ್ದರು. ಅವುಗಳ ಮೇಲೆ ತಲೆಯಿಂದ ಬುಡದವರೆಗೆ ಮನುಷ್ಯರು, ಕಾಡುಮೃಗಗಳು, ಹಕ್ಕಿಗಳು, ಕೊನೆಗೆ ನೊಣ ಸೊಳ್ಳೆಗಳವರೆಗೂ ಎಲ್ಲ ಬಗೆಯ ರೂಪಗಳನ್ನು ಬಹು ನಯವಾಗಿ ಚಿತ್ರಿಸಿದ್ದರು. ಕೆಲವು ಮಂಟಪಗಳು ತಿರುಗುವಂತೆ ರಚಿತವಾಗಿದ್ದು, ನಿಂತು ನೋಡುವವನಿಗೆ ಕ್ಷಣಕ್ಷಣಕ್ಕೂ ಬೇರೊಂದು ಮುಖವನ್ನು ತೋರುತ್ತಿದ್ದವು. ಬಯಲಿನ ಮುಂಭಾಗದಲ್ಲಿ ಒಂಬತ್ತು ಅಂತಸ್ತಿನ ಕಂಬಗಳ ಕಟ್ಟಡವಿದ್ದು ಅದರ ಮೇಲಂತಸ್ತಿನಲ್ಲಿ ರಾಜನ ಸಿಂಹಾಸನವಿದ್ದಿತು. ಈ ಕಟ್ಟಡಕ್ಕೂ ಮಂಟಪಗಳಿಗೂ ನಡುವಣ ತೆರಪಿನಲ್ಲಿ ಗಾಯಕರೂ ಕಥೆ ಹೇಳುವವರೂ ತಂತಮ್ಮ ವಿದ್ಯೆಯನ್ನು ಮೆರೆಸುತ್ತಿದ್ದರು.

ನೊಣ ಸೊಳ್ಳೆಗಳ ಚಿತ್ರವನ್ನೂ ಆತನು ಕಂಡು ಹೇಳಿರುವುದು ಸಾಮಾನ್ಯ ಸಂಗತಿಯಲ್ಲ. ದೂರದಿಂದ ಬಣ್ಣದ ರಾಶಿಯನ್ನು ಮಾತ್ರ ನೋಡಿದವನು ಇದನ್ನು ಕಾಣಲಾರನು. ಮಂಟಪದ ಸಮೀಪಕ್ಕೆ ಹೋಗಿ, ಒಂದೊಂದು ಭಾಗವನ್ನೂ ಪರೀಕ್ಷಿಸಿದವನ ಮಾತು ಇದು. ಎಂದರೆ, ಈ ಮಂಟಪಗಳು ಬರಿಯ ಅಲಂಕಾರಗಳಾಗಿರದೆ, ನಿಂತು ನೋಡತಕ್ಕ ಚಿತ್ರಗಳಾಗಿದ್ದವು.

ಪಯೆಸನು ಈ ಉತ್ಸವವು ಸೆಪ್ಟೆಂಬರ್ 12ರಂದು ಆರಂಭವಾಗಿ ಒಂಬತ್ತು ದಿನ ನಡೆಯಿತೆಂದು ಹೇಳಿ, ಕೋಟೆಯ ಗೋಡೆಯ ಮೇಲಿಂದ ಕಾಣುವಷ್ಟು ಎತ್ತರವಾದ ಮರದ ಅಟ್ಟಣೆಗಳನ್ನು ಕೆಂಪು ಹಸಿರು ಮಖಮಲ್ಲುಗಳಿಂದಲೂ ಬೇರೆ ಬೆಲೆಯುಳ್ಳ ಬಟ್ಟೆಗಳಿಂದಲೂ ಹೊದಿಸಿದ್ದನ್ನು ವರ್ಣಿಸಿದ್ದಾನೆ. ಆತನೇ ಹೇಳುವಂತೆ ನಾಯಕರ ರಥಗಳು ಸಾಲಾಗಿ ರಾಜನ ಮುಂದೆ ಬರುತ್ತಿದ್ದವು. ಮೊದಲನೆಯದು ಸಾಳುವ ತಿಮ್ಮನದು. ಅದರ ಹಿಂದೆ ಉಳಿದವರವು. ಕೆಲವು ರಥಗಳ ಮೇಲೆ ನರ್ತಕಿಯರ ಮತ್ತು ಇತರ ಮಾನುಷ ರೂಪಗಳ ರಚನೆ. ಕೆಲವು ಅಂತಸ್ತಿನ ಮೇಲೆ ಅಂತಸ್ತಾಗಿ ಕಟ್ಟಿದವು.

ನೂನಿಜನ ಹೇಳಿಕೆಯು ಇನ್ನೂ ಸ್ಪಷ್ಟವಾಗಿದೆ. ಅರಮನೆಯ ಮುಂದಣ ಬಯಲಿನಲ್ಲಿ ರಾಜ್ಯದ ಒಂಬತ್ತು ಮಂದಿ ಪ್ರಧಾನ ನಾಯಕರು ಒಂಬತ್ತು ಎತ್ತರವಾದ ಮಂಟಪಗಳನ್ನು ಕಟ್ಟಿಸುತ್ತಿದ್ದರು. ಇವಲ್ಲದೆ ಪ್ರತಿಯೊಬ್ಬ ನಾಯಕನೂ ತನ್ನ ಮಂಟಪವನ್ನು ಮಾಡಿಸಿ ರಾಜನಿಗೆ ತೋರಿಸುವುದು ಕಡ್ಡಾಯವಾಗಿದ್ದಿತು. ಒಬ್ಬೊಬ್ಬನ ಮಂಟಪಕ್ಕೂ ಅದರದೇ ಆದ ಬೇರೆ ಬೇರೆ ಕಲ್ಪನೆಯಿದ್ದಿತು. ಈ ಕೊನೆಯ ಮಾತೇ ಪ್ರಕೃತ ವಿಚಾರದ ಕೇಂದ್ರ. ಒಬ್ಬನ ರಚನೆಯು ಇನ್ನೊಬ್ಬನದರಂತೆ ಇರಲಿಲ್ಲವೆಂದಮೇಲೆ ನೋಡುವವರು ಹೋಲಿಸಿಯೇ ಹೋಲಿಸುತ್ತಿದ್ದರು. ಮಾಡಿಸುವವರು ಮೇಲಾಟವಾಡಿಯೇ ಆಡುತ್ತಿದ್ದರು. ಮೇಲೆ ಹೇಳಿದ ನಾಲ್ಕು ಲಕ್ಷಣಗಳಲ್ಲಿ ಯಾವುದಕ್ಕೂ ಇಲ್ಲಿ ಕೊರತೆಯಿಲ್ಲ.

4

ಇದಕ್ಕೆ ಎರಡು ಆಕ್ಷೇಪಗಳು ಸಂಭವಿಸುತ್ತವೆ.

ಮೊದಲನೆಯದು ಕಾಲದ ವಿಷಯವಾದದ್ದು. ಅಬ್ದುಲ್ ರಜಾಕನು ಉತ್ಸವವನ್ನು ರಜಬ್ ಮಾಸದ ಮೂರು ದಿನಗಳಲ್ಲಿ ನಡೆಯಿತೆನ್ನುತ್ತಾನೆ. ಹಿಜರಿ 847ರ ರಜಬ್ ಮಾಸವು ಕ್ರಿ. ಶ. 1443ರ ಅಕ್ಟೋಬರ್ ಕೊನೆಯ ವಾರದಲ್ಲಿ ಮೊದಲಾಗುತ್ತದೆ. ಆ ವರ್ಷದ ಆಶ್ವಯುಜ ಶುದ್ಧ ನವಮಿಯಾದರೋ ಅಕ್ಟೋಬರ್ ತಿಂಗಳ ಆದಿಯಲ್ಲಿಯೇ ಕಳೆದುಹೋಗಿರಬೇಕು. ಮೇಲಾಗಿ ಮಹಾನವಮಿಯು ಒಂಬತ್ತು ದಿನಗಳ ಹಬ್ಬ, ಮೂರು ದಿನಗಳದ್ದಲ್ಲ. ಹೀಗಿರಲು ಆತನು ಕಂಡದ್ದು ಮಹಾನವಮಿಯೇ ಅಹುದೋ ಎಂಬ ಸಂದೇಹವು ವಿದ್ವಾಂಸರಲ್ಲಿ ಹುಟ್ಟಿದೆ. ಇದಕ್ಕೆ ಸಮಾಧಾನವೇನೆಂದರೆ: ಉತ್ಸವದ ಹೆಸರನ್ನು ಆತನು ಮಹಾನವಿಯೆಂದು ಸ್ಪಷ್ಟವಾಗಿ ಹೇಳಿದ್ದಾನೆ, ಅದು ವರ್ಷವರ್ಷವೂ ನಡೆಯುವುದೆಂದೂ ತಿಳಿಸಿದ್ದಾನೆ, ನಾಯಕರು ನೆರೆಯುವುದು, ಎತ್ತರವಾದ ಮಂಟಪಗಳು, ರಾಜನ ಒಡ್ಡೋಲಗ ಇವೆಲ್ಲವೂ ಮುಕ್ಕಾಲು ಶತಮಾನವಾದ ಮೇಲೆ ಪಯೆಸನು ಕಂಡ ಮಹಾನವಮಿಗೆ ಹೊಂದುತ್ತವೆ. ದೇಶಕ್ಕೆ ಮರಳಿದ ಮೇಲೆ ಗ್ರಂಥವನ್ನು ಬರೆದವನು ಚಾಂದ್ರಮಾಸಗಳ ಎಣಿಕೆಯಲ್ಲಿ ಒಂದು ತಿಂಗಳು ತಪ್ಪಿರುವುದು ಅಸಂಭವವಲ್ಲ. ಒಂದು ವೇಳೆ ಆತನು ಕಂಡದ್ದು ಕಾರ್ತಿಕದ ಬೇರೊಂದು ಉತ್ಸವವೇ ಆಗಿದ್ದರೂ ವಾರ್ಷಿಕವಾಗಿ ಚಿತ್ರಮಂಟಪಗಳನ್ನು ನಿಲ್ಲಿಸುತ್ತಿದ್ದರೆಂಬ ಅಂಶಕ್ಕೆ ಬಾಧಕವಿಲ್ಲ. ಪಯೆಸನ ಸೆಪ್ಟೆಂಬರ್ 12 ಎಂಬ ದಿನವಂತೂ 1520ರ ಆಶ್ವಯುಜ ಶುದ್ಧ ಪ್ರತಿಪತ್ತಿಗೆ ಸರಿಹೊಂದುವುದೆಂದು ಸಿವೆಲನೇ ಗಣಿಸಿ ತೋರಿಸಿದ್ದಾನೆ.

ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದದ್ದು. ಮಹಾನವಮಿಯು ರಾಜನ ಪ್ರಭುತ್ವವನ್ನು ಮೆರೆಸುವ ಹಬ್ಬ; ನಾಯಕರು ಕಪ್ಪವನ್ನು ಒಪ್ಪಿಸುವ, ಸೇನೆಯನ್ನು ತೋರಿಸುವ ಸಂದರ್ಭ. ಮಂಟಪಗಳೂ ಆ ವಿಧೇಯತೆಯ ಗುರುತುಗಳೇ ಹೊರತು ಕಲೆಗೋಸ್ಕರ ಆದವುಗಳಲ್ಲವೆಂದು ಹೇಳಬಹುದು. ಈ ಆಕ್ಷೇಪದಲ್ಲಿ ಸತ್ಯಾಂಶವುಂಟು; ಅದನ್ನು ಮರೆಮಾಚಬೇಕಾದ ಅಗತ್ಯವಿಲ್ಲ. ಕಡ್ಡಾಯದಿಂದ ಕಟ್ಟಿದ ಮಂಟಪದ ವೆಚ್ಚವು ಕೊನೆಗೆ ಯಾರ ಬೆನ್ನಿನ ಮೇಲೆ ಬೀಳುತ್ತಿದ್ದಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಆದರೆ ಪ್ರಯೋಜನವು ಬೇರೆ, ಸ್ವರೂಪವು ಬೇರೆ. ದೇವಾಲಯವನ್ನು ಪುಣ್ಯಕ್ಕಾಗಿ ಕಟ್ಟಿಸಿದರೆಂದು ಅದರ ಶಿಲ್ಪವು ಶಿಲ್ಪವಲ್ಲದೆ ಹೋಗುವುದೇ? ಮಾಡಿಸಿದವನ ಉದ್ದೇಶವು ಅಧಿಕಾರವಾಗಿದ್ದರೂ, ಮಾಡಿದವನ ಉದ್ದೇಶವು ತನ್ನ ಕೆಲಸವು ನೆರೆಯವನದಕ್ಕಿಂತ ಚೆನ್ನಾಗಿರಬೇಕೆಂಬುದೇ ಆಗಿರುತ್ತದೆ. ಸೊಳ್ಳೆಯನ್ನು ಬರೆದ ಚಿತ್ರಗಾರನಿಗೆ ಅದನ್ನು ಬರೆಯೆಂದು ಯಾವ ನಾಯಕನೂ ಅಪ್ಪಣೆ ಕೊಟ್ಟಿರಲಾರನು.

5

ಬಯಲಿನ ಮಂಟಪಗಳಲ್ಲದೆ ಅರಮನೆಯೊಳಗಣ ಚಿತ್ರಗಳನ್ನೂ ಪಯೆಸನು ವರ್ಣಿಸಿದ್ದಾನೆ. ಒಂದು ಬಾಗಿಲಿನ ಎರಡು ಪಕ್ಕಗಳಲ್ಲಿ ಕೃಷ್ಣದೇವರಾಯನ ಮತ್ತು ಆತನ ತಂದೆಯ ಪ್ರತಿಕೃತಿಗಳು ಜೀವಂತವಾಗಿ ಕಾಣುವಂತೆ ಬರೆಯಲ್ಪಟ್ಟಿದ್ದವು. ತಂದೆಯ ಮೈಬಣ್ಣವು ಕಪ್ಪು, ಮೈಕಟ್ಟು ಮಗನಿಗಿಂತ ತೋರ ಎಂಬುದನ್ನೂ ಆತನು ಗುರುತಿಸಿದ್ದಾನೆ. ಮತ್ತೊಂದೆಡೆ, ಆ ನಗರಕ್ಕೆ ಬಂದುಹೋದ ನಾನಾದೇಶದ ಜನರ ಜೀವನಕ್ರಮವನ್ನು ಪೋರ್ಚುಗೀಸರವರೆಗೂ, ಕುರುಡರು ಭಿಕ್ಷುಕರವರೆಗೂ ಗೋಡೆಯ ಮೇಲೆ ಚಿತ್ರಿಸಿದ್ದರು. ರಾಣಿಯರು ಹೊರಗಿನ ಲೋಕವನ್ನು ಇವುಗಳಿಂದ ತಿಳಿದುಕೊಳ್ಳಲೆಂಬುದೇ ಇದರ ಉದ್ದೇಶವೆಂದು ಆತನ ವಿವರಣೆ.

ಇಲ್ಲಿ ಎರಡು ಬಗೆಯ ದರ್ಶನಗಳು ಎದುರುಬದುರಾಗಿ ನಿಲ್ಲುತ್ತವೆ. ಕಾಳಿದಾಸನ ಕಾಲದಿಂದ ಬಂದ ಒಳಗಣ ಚಿತ್ರಶಾಲೆಯಲ್ಲಿ ಹೊರಗೆ ಬರಲಾಗದ ಕೆಲವರಿಗೆ ಲೋಕವನ್ನು ಒಳಗೆ ತಂದು ತೋರಿಸುತ್ತಿದ್ದರು. ಮಹಾನವಮಿಯ ಬಯಲಿನಲ್ಲಿ ಕಲೆಯನ್ನು ಹೊರಗೆ ತಂದು ನೆರೆದ ಸಮೂಹಕ್ಕೆ ತೋರಿಸುತ್ತಿದ್ದರು. ಮೊದಲನೆಯದು ವರ್ಷವೆಲ್ಲ ಇರುವುದು, ಆದರೆ ಕೆಲವರಿಗೆ; ಎರಡನೆಯದು ಒಂಬತ್ತೇ ದಿನ, ಆದರೆ ಹಲವರಿಗೆ. ಈಗಿನ ಕಲಾಸಪ್ತಾಹವು ಇವೆರಡರ ಸೇರುವೆಯೆಂದು ಹೇಳಿದರೆ ತಪ್ಪಾಗಲಾರದು.

6

ಇವೆಲ್ಲವುಗಳಲ್ಲಿ ಈಗ ಉಳಿದಿರುವುದೇನು? 1565ರ ಯುದ್ಧದ ತರುವಾಯ ನಗರವು ಹಾಳಾಯಿತು. ಮರ ಬಟ್ಟೆ ಬಣ್ಣಗಳಿಂದಾದ ಮಂಟಪಗಳಂತೂ ಯುದ್ಧವಿಲ್ಲದಿದ್ದರೂ ಉಳಿಯತಕ್ಕವುಗಳಲ್ಲ. ಹಬ್ಬ ಮುಗಿದೊಡನೆ ಬಿಚ್ಚಿಡುವುದಕ್ಕಾಗಿಯೇ ಕಟ್ಟಿದವು. ಉಳಿದಿರುವುದು ಮಹಾನವಮಿಯ ದಿಬ್ಬವೆಂದು ಕರೆಯಲ್ಪಡುವ ಮೂರು ಅಂತಸ್ತಿನ ಕಲ್ಲಿನ ಜಗತಿ ಮಾತ್ರ. ಅದರ ಪಾರ್ಶ್ವಗಳಲ್ಲಿ ಆನೆಗಳ ಸಾಲು, ಬೇಟೆಗಾರರು, ಕುದುರೆಗಳನ್ನು ತರುವ ವಿದೇಶೀಯರು, ಕುಣಿಯುವ ಹೆಂಗಸರು ಪಟ್ಟಿಪಟ್ಟಿಯಾಗಿ ಕೆತ್ತಲ್ಪಟ್ಟಿದ್ದಾರೆ. ಮೇಲುಗಡೆಯಲ್ಲಿ ಕಂಬಗಳು ನಿಂತಿದ್ದ ಗುರುತುಗಳಿವೆ. ಮರದ ಮೇಲ್ಕಟ್ಟಡವು ಹೋಗಿ ಕಲ್ಲಿನ ತಳವು ಉಳಿಯಿತು. ಬಣ್ಣವು ಹೇಳುತ್ತಿದ್ದುದನ್ನು ಈಗ ಕಲ್ಲು ಹೇಳುತ್ತಿದೆ. ಆದರೆ ಅರ್ಧವನ್ನು ಮಾತ್ರ.

ಚಿತ್ರವನ್ನೇ ನೋಡಬೇಕೆಂದವರು ವಿರೂಪಾಕ್ಷ ದೇವಾಲಯದ ರಂಗಮಂಟಪಕ್ಕೆ ಹೋಗಬೇಕು. ಈ ಮಂಟಪವನ್ನು ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಕಟ್ಟಿಸಿದನೆಂದು ಅಲ್ಲಿಯ 1510ರ ಶಾಸನವು ಹೇಳುತ್ತದೆ. ಅದರ ಛತ್ತಿನಲ್ಲಿ ಗಿರಿಜಾಕಲ್ಯಾಣ, ತ್ರಿಪುರಸಂಹಾರ, ಶಿವನ ಮೇಲೆ ಬಾಣವನ್ನು ಹೂಡಿದ ಕಾಮ, ಅರ್ಜುನನ ಮತ್ಸ್ಯಯಂತ್ರಭೇದನ, ದಶಾವತಾರ, ದಿಕ್ಪಾಲಕರು, ಪಲ್ಲಕ್ಕಿಯಲ್ಲಿ ಸಾಗುವ ವಿದ್ಯಾರಣ್ಯರ ಮೆರವಣಿಗೆ ಮುಂತಾದ ಚಿತ್ರಗಳಿವೆ. ಮಂಟಪವು 1510ರದ್ದಾದ್ದರಿಂದ ಚಿತ್ರಗಳೂ ಆ ಕಾಲದವೇ ಎಂದು ಹಿಂದೆ ಹಲವರು ನಂಬಿದ್ದರು. ಈಚೆಗೆ ಶೈಲಿಯನ್ನು ಪರೀಕ್ಷಿಸಿದ ವಿದ್ವಾಂಸರು ಈಗ ಕಾಣುವ ವರ್ಣಲೇಪನವು ಅಷ್ಟು ಹಳೆಯದಲ್ಲವೆಂದೂ, ದೇವಾಲಯದ ಜೀರ್ಣೋದ್ಧಾರವು ನಡೆದ 19ನೆಯ ಶತಮಾನದ ಆದಿಭಾಗದ್ದಿರಬಹುದೆಂದೂ ಅಭಿಪ್ರಾಯಪಟ್ಟಿದ್ದಾರೆ. ವಿಜಯನಗರ ಕಾಲದ ಚಿತ್ರವನ್ನು ನಿಸ್ಸಂದೇಹವಾಗಿ ನೋಡಬೇಕಾದರೆ ಅಚ್ಯುತರಾಯನ ಕಾಲದ ಲೇಪಾಕ್ಷಿಗೆ ಹೋಗುವುದು ಲೇಸು.

ಇದರಿಂದ ವಿರೂಪಾಕ್ಷನ ಛತ್ತಿನ ಬೆಲೆಯು ಕುಗ್ಗಿತೆಂದು ಭಾವಿಸಬಾರದು. ಬೇರೊಂದು ರೀತಿಯಲ್ಲಿ ಹೆಚ್ಚಿತು. ರಾಜಧಾನಿಯು ಹಾಳಾಗಿ ಎರಡೂವರೆ ಶತಮಾನಗಳಾದ ಮೇಲೆಯೂ ಆ ಛತ್ತನ್ನು ಬರೆಯಬಲ್ಲ ಕೈಗಳು ಆ ಸೀಮೆಯಲ್ಲಿ ಇದ್ದವೆಂಬುದಕ್ಕೆ ಅದೇ ಸಾಕ್ಷಿ. ಆನೆಗೊಂದಿಯ ಉಚ್ಚಪ್ಪನ ಮಠದ ಛತ್ತಿನ ಚಿತ್ರಗಳೂ ರಾಜಧಾನಿಯ ಪತನದ ಅನಂತರ ಬರೆದವೆಂದೇ ವಿದ್ವಾಂಸರ ಮತ. ಅಲ್ಲಿ ಸ್ತ್ರೀಯರ ಮೈಗಳನ್ನೇ ಹೆಣೆದು ಆನೆಯ ಆಕಾರವನ್ನು ತೋರಿಸುವ ನವನಾರೀಕುಂಜರದಂತಹ ಚಮತ್ಕಾರದ ರಚನೆಗಳಿವೆ. ನೋಡುವವನು ಒಮ್ಮೆ ಆನೆಯನ್ನು ಕಾಣುತ್ತಾನೆ, ಮರುಗಳಿಗೆ ಹೆಂಗಸರನ್ನು ಕಾಣುತ್ತಾನೆ. ಕ್ಷಣಕ್ಕೊಂದು ಮುಖವನ್ನು ತೋರುತ್ತಿದ್ದ ತಿರುಗುಮಂಟಪಗಳ ರಸಿಕತೆಗೂ ಇದಕ್ಕೂ ಹತ್ತಿರದ ನಂಟು ತೋರುತ್ತದೆ.

ಜನರು ಈ ಛತ್ತುಗಳನ್ನು ಯಾವಾಗ ನೋಡುತ್ತಾರೆ ಎಂಬುದನ್ನೂ ಯೋಚಿಸಬೇಕು. ಹಂಪೆಗೆ ಸುತ್ತಣ ಸೀಮೆಯ ಜನರು ವಿಶೇಷವಾಗಿ ನೆರೆಯುವುದು ಚೈತ್ರ ಪೌರ್ಣಿಮೆಯ ರಥೋತ್ಸವಕ್ಕೆ ಮತ್ತು ಪಂಪಾವಿರೂಪಾಕ್ಷರ ನಿಶ್ಚಿತಾರ್ಥವೆನಿಸಿದ ಫಲಪೂಜೆಗೆ. ಹೊರಗೆ ದೇವರ ಮದುವೆಯ ಉತ್ಸವ, ತಲೆಯ ಮೇಲೆ ಛತ್ತಿನಲ್ಲಿ ಅದೇ ಮದುವೆಯ ಚಿತ್ರ. ಹಳ್ಳಿಯ ಯಾತ್ರಿಕನಿಗೆ ಆ ದಿನವೇ ಚಿತ್ರದರ್ಶನದ ದಿನ. ಜಾತ್ರೆಯೇ ಆತನ ವಾರ್ಷಿಕ ಪ್ರದರ್ಶನ.

7

ಈಗ ಎರಡನೆಯ ಪ್ರಶ್ನೆಗೆ ಬರಬಹುದು. ಈ ಚಿತ್ರಗಳನ್ನು ಬರೆದವರು ಯಾರು?

ಮೂವರು ಸಾಕ್ಷಿಗಳಲ್ಲಿ ಒಬ್ಬನೂ ಒಬ್ಬ ಚಿತ್ರಗಾರನ ಹೆಸರನ್ನೂ ಹೇಳಿಲ್ಲ. ಮಾಡಿಸಿದ ನಾಯಕನ ಹೆಸರುಂಟು, ನೋಡಿದ ರಾಜನ ಹೆಸರುಂಟು, ಬರೆದವನ ಹೆಸರಿಲ್ಲ. ಇದು ಕರ್ಣಾಟಕದ ಸಾಮಾನ್ಯ ಸಂಪ್ರದಾಯವೇ ಎಂದರೆ ಅಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯನ್ನು ಅಲ್ಲಿಯ ಶಾಸನವು ಕೊಂಡಾಡುತ್ತದೆ. ಬೇಲೂರಿನ ವಿಗ್ರಹಗಳ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ ಚಾವಣರು ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಹೊಯ್ಸಳ ದೇವಾಲಯಗಳಲ್ಲಿ ಮಲ್ಲಿತಮ್ಮನ ಹೆಸರು ಹಲವೆಡೆ ದೊರೆಯುತ್ತದೆ. ಶಿಲ್ಪಿಗೆ ದೊರೆತ ಈ ಭಾಗ್ಯವು ಚಿತ್ರಗಾರನಿಗೆ ಏಕೆ ದೊರೆಯಲಿಲ್ಲ? ಕಾರಣವು ಕೌಶಲದ ತಾರತಮ್ಯವಲ್ಲ, ದ್ರವ್ಯದ ತಾರತಮ್ಯ. ಕಲ್ಲಿನ ಮೇಲೆ ಬರೆದ ಹೆಸರು ನಿಲ್ಲುತ್ತದೆ; ಬಟ್ಟೆಯ ಮೇಲೆ ಬರೆದ ಹೆಸರು ಬಟ್ಟೆಯೊಡನೆ ಹೋಗುತ್ತದೆ.

ಲಿಖಿತವಾದ ಹೆಸರು ಹೋದರೂ ಮನೆತನದ ನೆನಪು ಹೋಗಿಲ್ಲ. ಕಿನ್ನಾಳದ ಚಿತ್ರಗಾರರು, ಹಂಪೆಯ ಪಂಪಾಪತಿಯ ಗುಡಿಯ ಚಿತ್ರಗಳನ್ನೂ ಅಲ್ಲಿಯ ತೇರಿನ ಮರಗೆಲಸವನ್ನೂ ಮಾಡಿದವರು ತಮ್ಮ ಹಿರಿಯರೇ ಎಂದು ಹೇಳುತ್ತ ಬಂದಿದ್ದಾರೆ. ಅಲ್ಲಿಯ ಒಂದು ಚಿತ್ರಗಾರರ ಮನೆಯಲ್ಲಿ ದೊರೆತ ಹಳೆಯ ಕಾಗದದ ರೇಖಾಚಿತ್ರವೊಂದನ್ನು ಈ ನಂಬಿಕೆಗೆ ಪೋಷಕವಾಗಿ ತೋರಿಸುವುದುಂಟು. ಈ ಹೇಳಿಕೆಯನ್ನು ಹೇಗೆ ಗ್ರಹಿಸಬೇಕು? ಮಾದರಿಯ ಕಾಗದವು ಮನೆಯಲ್ಲಿದ್ದ ಮಾತ್ರಕ್ಕೆ ಮೂಲ ಚಿತ್ರವನ್ನು ಆ ಮನೆಯವರೇ ಬರೆದರೆಂದು ಸಿದ್ಧವಾಗದು. ಬರೆದುದನ್ನು ನೋಡಿ ಪಡಿಯಚ್ಚು ತೆಗೆದುಕೊಂಡಿರಲೂಬಹುದು. ಆದರೆ ಈಗಿನ ವರ್ಣಲೇಪನವು 19ನೆಯ ಶತಮಾನದ್ದೆಂದು ಒಪ್ಪಿದರೆ ಪರಂಪರೆಯ ಮಾತು ದುರ್ಬಲವಾಗುವುದರ ಬದಲು ಬಲವಾಗುತ್ತದೆ. ಐದು ನೂರು ವರ್ಷಗಳ ಹಿಂದಣ ಹಿರಿಯರ ನೆನಪನ್ನು ನಂಬುವುದಕ್ಕಿಂತ ಐದಾರು ತಲೆಮಾರುಗಳ ಹಿಂದಣವರ ನೆನಪನ್ನು ನಂಬುವುದು ಸುಲಭ. ಆದುದರಿಂದ ವಿಜಯನಗರದ ಅರಸರ ಚಿತ್ರಗಾರರು ಕಿನ್ನಾಳದವರೆಂಬುದು ಅಸಿದ್ಧ. ಆದರೆ ವಿರೂಪಾಕ್ಷನ ಛತ್ತನ್ನು ನವೀಕರಿಸಿದ ಕೈಗಳು ಆ ವರ್ಗದವಾಗಿರುವುದು ಸಂಭಾವ್ಯ. ಸದ್ಯಕ್ಕೆ ಇಷ್ಟನ್ನು ಅಂಗೀಕರಿಸತಕ್ಕದ್ದು.

ಕಿನ್ನಾಳದ ಕೆಲಸದ ಕ್ರಮವನ್ನು ನೋಡಿದರೆ ಇನ್ನೊಂದು ಅಂಶವು ಹೊಳೆಯುತ್ತದೆ. ಪೊಳಕಿಯೆಂಬ ಹಗುರವಾದ ಮರದಿಂದ ಬೊಂಬೆಯ ಅಂಗಗಳನ್ನು ಬೇರೆಬೇರೆಯಾಗಿ ಕೆತ್ತಿ ಹುಣಿಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ನೆನೆಸಿ ಒಣಗಿಸಿ ಪುಡಿಮಾಡಿದ ಗೋಣಿಯ ನಾರು, ಮರದ ಹೊಟ್ಟು, ಹುಣಿಸೆಬೀಜದ ಅಂಟು ಇವುಗಳನ್ನು ಕಲಸಿದ ಕಿಟ್ಟವನ್ನು ಅದರ ಮೇಲೆ ಕೈಯಿಂದ ಹಚ್ಚುತ್ತಾರೆ. ಮೇಲೆ ಹತ್ತಿಯ ಬಟ್ಟೆಯ ಚೂರುಗಳನ್ನು ಅಂಟಿಸಿ, ಬೆಣಚುಕಲ್ಲಿನ ಪುಡಿಯನ್ನು ಗೋಂದಿನಲ್ಲಿ ಕಲಸಿದ ಲೇಪವನ್ನು ಕೊಡುತ್ತಾರೆ. ಬಣ್ಣವು ಕೂಡುವುದು ಈ ನೆಲೆಯ ಮೇಲೆ. ಒಡವೆ ಮುಂತಾದವುಗಳನ್ನು ಉಬ್ಬಿಸುವುದೂ ಇಂತಹ ಲೇಪದಿಂದಲೇ. ಮಾನಸೋಲ್ಲಾಸದ ಕ್ರಮದೊಡನೆ ಇದನ್ನು ಹೋಲಿಸಿದರೆ ಅಂಟು ಬೇರೆ, ನೆಲೆ ಬೇರೆ: ಅಲ್ಲಿ ಗೋಡೆ, ತೊಗಲಿನ ಅಂಟು, ಇಲ್ಲಿ ಮರ, ಬೀಜದ ಅಂಟು. ಆದರೆ ಮೊದಲು ನೆಲೆಯನ್ನು ಕಟ್ಟಿ, ಲೇಪದಿಂದ ನಯಗೊಳಿಸಿ, ಅನಂತರ ಬಣ್ಣವನ್ನು ಇಡುವ ಅನುಕ್ರಮವು ಒಂದೇ. ಶಾಸ್ತ್ರಗ್ರಂಥವನ್ನು ಓದಿ ಈ ಕ್ರಮವನ್ನು ಕಲಿತರೆನ್ನುವುದಕ್ಕಿಂತ, ಕೈಯಿಂದ ಕೈಗೆ ಬಂದ ವಿದ್ಯೆಯನ್ನೇ ಒಂದು ಕಾಲದಲ್ಲಿ ಶಾಸ್ತ್ರಕಾರನು ಕಂಡು ಬರೆದಿಟ್ಟನೆನ್ನುವುದು ಯುಕ್ತ.

ಹಗುರವಾದ ಮರ, ನಾರು, ಬಟ್ಟೆ, ಅಂಟು, ಉಬ್ಬಿದ ಆಭರಣ, ಕಣ್ಸೆಳೆಯುವ ಬಣ್ಣ: ಇವು ಕಲ್ಲಿನಂತೆ ನಿಲ್ಲತಕ್ಕ ವಸ್ತುಗಳಲ್ಲ, ಎತ್ತಿ ಒಯ್ಯತಕ್ಕ, ಮೆರೆಸತಕ್ಕ ವಸ್ತುಗಳು. ಪಯೆಸನು ಕಂಡ ರಥಗಳ ಮೇಲಣ ನರ್ತಕಿಯರ ಮತ್ತು ಮಾನುಷ ರೂಪಗಳು ಇಂತಹ ಯಾವುದೋ ದ್ರವ್ಯದಿಂದಲೇ ಆಗಿರಬೇಕಲ್ಲದೆ ಕಲ್ಲಿನಿಂದಾಗಿರಲು ಸಾಧ್ಯವಿಲ್ಲ. ನಶಿಸಿಹೋದ ಮಹಾನವಮಿಯ ಶಿಲ್ಪದ್ರವ್ಯವನ್ನು ಕಣ್ಣಿಂದ ನೋಡಬೇಕೆಂಬ ವಿದ್ವಾಂಸನು ಹಂಪೆಯ ದಿಬ್ಬಕ್ಕೆ ಹೋಗುವುದರ ಜೊತೆಗೆ ಕಿನ್ನಾಳದ ಜಗಲಿಗೂ ಹೋಗಬೇಕು.

8

ಮಹಾನವಮಿಯು ವಿಜಯನಗರದೊಡನೆ ಮುಗಿಯಲಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಅದನ್ನು ಮುಂದುವರಿಸಿದರು. ಗೋವಿಂದವೈದ್ಯನ ಕಂಠೀರವನರಸರಾಜವಿಜಯದಲ್ಲಿ 17ನೆಯ ಶತಮಾನದ ಆ ಉತ್ಸವದ ವರ್ಣನೆಯು ವಿಸ್ತಾರವಾಗಿ ಬಂದಿದೆ. ಮೈಸೂರಿನಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ ದಸರೆಯೊಡನೆ ವಸ್ತುಪ್ರದರ್ಶನವೂ ಸೇರಿತು. ಜಗನ್ಮೋಹನ ಅರಮನೆಯು 1915ರಲ್ಲಿ ಚಿತ್ರಶಾಲೆಯಾಯಿತು. ಅದರ ಗೋಡೆಯ ಮೇಲೆ ದಸರೆಯ ಮೆರವಣಿಗೆಯನ್ನೇ ಬರೆದಿದೆ. ಒಳಗಣ ಚಿತ್ರಶಾಲೆ, ಹೊರಗಣ ಉತ್ಸವ ಇವೆರಡರ ನಡುವಣ ಗೋಡೆಯು ಹೀಗೆ ಕರಗಿತು. ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಯಿಸುತ್ತ ಬಂದಿರುವ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯೇ ಚಿತ್ರಶಾಲೆಯಾಗುತ್ತದೆ. ಅಲ್ಲಿ ಬರೆದವನು ತನ್ನ ಚಿತ್ರದ ಪಕ್ಕದಲ್ಲಿಯೇ ನಿಂತಿರುತ್ತಾನೆ. ನೋಡುವವರು ಆತನ ಹೆಸರನ್ನು ಕೇಳಿ ತಿಳಿಯುತ್ತಾರೆ. ಮಹಾನವಮಿಯ ಬಯಲಿಗೂ ಈ ಸಂತೆಗೂ ಇರುವ ಮುಖ್ಯ ಭೇದವು ಇದೊಂದೇ. ಆದರೆ ಇದು ಸಣ್ಣ ಭೇದವಲ್ಲ.

ಮೇಲಣ ವಿಚಾರದಿಂದ ಸಿದ್ಧವಾಗುವ ಅಂಶಗಳಿವು. ನಿಯತಕಾಲದಲ್ಲಿ ಬಯಲಿನಲ್ಲಿ ಹಲವರ ರಚನೆಗಳನ್ನು ಹಲವರಿಗೆ ತೋರಿಸುವ ವಾರ್ಷಿಕ ಪ್ರದರ್ಶನವು 15ನೆಯ ಶತಮಾನದಷ್ಟು ಹಿಂದೆಯೇ ತುಂಗಭದ್ರೆಯ ತೀರದಲ್ಲಿದ್ದಿತು. ಅದು ಪ್ರಭುತ್ವದ ಉದ್ದೇಶದಿಂದ ಹುಟ್ಟಿದರೂ ಕಲೆಯ ಸ್ವರೂಪವನ್ನು ತಾಳಿತು. ಅದರ ದ್ರವ್ಯವು ನಶ್ವರವಾದದ್ದರಿಂದ ಕೃತಿಯೂ ಹೋಯಿತು, ಕರ್ತೃವಿನ ಹೆಸರೂ ಹೋಯಿತು. ವಿದ್ಯೆ ಮಾತ್ರ ಮನೆಗಳಲ್ಲಿ ಉಳಿಯಿತು.

ಹೋದ ಹೆಸರುಗಳನ್ನು ತರಲಾಗದು. ಆದರೆ ಇರುವ ಹೆಸರುಗಳನ್ನು ಕಳೆಯದಂತೆ ನೋಡಿಕೊಳ್ಳುವುದು ವಿದ್ವಾಂಸರ ಕೈಯಲ್ಲಿದೆ. ಕಿನ್ನಾಳದ ಬೊಂಬೆಗಳಿಗೆ ಭೌಗೋಳಿಕ ಸೂಚಕವೆಂಬ ರಾಜಮುದ್ರೆಯು ದೊರೆತಿದೆ. ಅದು ಊರಿನ ಹೆಸರನ್ನು ಕಾಯುತ್ತದೆ, ಮಾಡಿದವನ ಹೆಸರನ್ನು ಕಾಯುವುದಿಲ್ಲ. ಪ್ರದರ್ಶನಗಳಲ್ಲಿ ಇಂತಹ ಬೊಂಬೆಗಳನ್ನಿಟ್ಟು ಊರಿನ ಹೆಸರನ್ನು ಮಾತ್ರ ಚೀಟಿಯಲ್ಲಿ ಬರೆದರೆ ಅಬ್ದುಲ್ ರಜಾಕನು ಮಾಡಿದ ಲೋಪವನ್ನೇ ಮತ್ತೊಮ್ಮೆ ಮಾಡಿದಂತಾಗುವುದು. ಆತನು ಪರದೇಶದವನು, ಭಾಷೆಯನ್ನರಿಯದವನು, ಆತನಿಗೆ ಕ್ಷಮೆಯುಂಟು. ಕನ್ನಡವನ್ನು ಓದಿ ಬರೆಯುವವರಿಗೆ ಆ ಕ್ಷಮೆಯಿಲ್ಲ. ಮನೆಮನೆಗೆ ಹೋಗಿ ವಂಶಾವಳಿಗಳನ್ನೂ, ಹಳೆಯ ಕಾಗದಗಳನ್ನೂ, ಕೆಲಸದ ಪರಿಭಾಷೆಯನ್ನೂ ಸಂಗ್ರಹಿಸಿ, ಶಾಸನಗಳನ್ನು ಅಚ್ಚುಹಾಕಿಸುವಷ್ಟೇ ಶ್ರದ್ಧೆಯಿಂದ ಅಚ್ಚುಹಾಕಿಸತಕ್ಕದ್ದು. ಕಲ್ಲು ಕೊಡದ ಹೆಸರನ್ನು ಕಾಗದವಾದರೂ ಕೊಡಲಿ.